ಸ್ವಿಚ್ 2 ತಗೊಂಡವರು ಬನ್ನಿ: ಮೊದಲ ಅನಿಸಿಕೆ, ಸೆಟ್ಟಿಂಗ್ಸ್, ಎಲ್ಲೆಲ್ಲಿ ಕೈಕೊಡುತ್ತೆ

ಬೆರಳತುದಿ:

ನಿಂಟೆಂಡೊದ ಆಟದ ಕನ್ಸೋಲ್ ಸ್ವಿಚ್ 2 ಬಗ್ಗೆ ಅಲ್ಲಲ್ಲಿ ಚೂರುಚೂರಾಗಿ ಹೇಳಿದ್ದನ್ನೆಲ್ಲ ಒಂದು ಕಡೆ ಸೇರಿಸೋಣ ಅಂತ ಇದನ್ನ ಶುರು ಮಾಡ್ತಿದ್ದೀನಿ. ಯಾವ ಆಟ ಚೆನ್ನಾಗಿದೆ ಅನ್ನೋ ಚರ್ಚೆ ಬೇರೆ ಕಡೆ ಇರಲಿ, ಇಲ್ಲಿ ಯಂತ್ರದ ಮಾತು ಮಾತ್ರ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಇದು ಒಂದೇ ಡಬ್ಬದಲ್ಲಿ ಬರೋ ಎರಡು ಯಂತ್ರ. ಕೈಯಲ್ಲಿ ಹಿಡಿದಾಗ ಜಿಪಿಯು (ಚಿತ್ರ ಬಿಡಿಸೋ ಚಿಪ್) ಸುಮಾರು 561 ಮೆಗಾಹರ್ಟ್ಸ್‌ನಲ್ಲಿ ಓಡುತ್ತೆ, ಡಾಕ್‌ನಲ್ಲಿ (ಟಿವಿಗೆ ಜೋಡಿಸೋ ಸ್ಟ್ಯಾಂಡ್) ಕೂರಿಸಿದರೆ ಸುಮಾರು 1007ಕ್ಕೆ ಏರುತ್ತೆ. ಚಿತ್ರದ ಗುಣಮಟ್ಟ, ಬಿಸಿ, ಬೇಕಾಗೋ ಚಾರ್ಜರ್ ಎಲ್ಲವೂ ಇದರ ಜೊತೆಗೇ ಬದಲಾಗುತ್ತೆ. ಎರಡು ಬದಿಯನ್ನೂ ಬೇರೆ ಬೇರೆಯಾಗಿ ಸೆಟ್ ಮಾಡಿಕೊಂಡವರಿಗೆ ಇದು ತುಂಬಾ ಒಳ್ಳೆ ಕನ್ಸೋಲ್. ಡಬ್ಬದಿಂದ ತೆಗೆದು ಹಾಗೇ ಟಿವಿಗೆ ಚುಚ್ಚಿದವರಿಗೆ ಮಾತ್ರ "ಇಷ್ಟೇನಾ" ಅನಿಸೋ ಸಾಧ್ಯತೆ ಜಾಸ್ತಿ.

ಕೈಗೆ ತಗೊಂಡಾಗ: ಜಾಯ್-ಕಾನ್ (ಎರಡು ಬದಿಯ ಕಳಚೋ ಕಂಟ್ರೋಲರ್) ಸೇರಿ ತೂಕ ಸುಮಾರು 534 ಗ್ರಾಂ. ಮೊದಲ ಸ್ವಿಚ್ 398, ಓಎಲ್‌ಇಡಿ ಮಾದರಿ 420, ಲೈಟ್ 275 ಇತ್ತು. ದಪ್ಪ ಮಾತ್ರ ಹಳೇದರಷ್ಟೇ, 13.9 ಮಿಲಿಮೀಟರ್. ಅಗಲ ಜಾಸ್ತಿ ಆಗಿದ್ದು ದಪ್ಪ ಹಾಗೇ ಉಳಿದಿರೋದ್ರಿಂದ ದೊಡ್ಡ ಅಂಗೈಯವರಿಗೆ ಹಿಂದೆ ಆಸರೆ ಸಾಲಲ್ಲ. ಮಲಗಿಕೊಂಡು ಆಡೋರು ಹಿಂಬದಿ ಉಬ್ಬಿರೋ ಗ್ರಿಪ್ ಕೇಸ್ ಒಂದು ಹಾಕಿಕೊಳ್ಳಿ. ಆದರೆ ಹಾಕಿದ ಹಾಗೇ ಡಾಕ್‌ಗೆ ಕೂರುತ್ತಾ ಅಂತ ನೋಡಿ ತಗೊಳ್ಳಿ. ಬಹಳಷ್ಟು ಕೂರಲ್ಲ. ದಿನಾ ಬಿಚ್ಚಿ ಹಾಕೋ ಕೇಸ್ ಕೊನೆಗೆ ಡ್ರಾಯರ್ ಸೇರುತ್ತೆ.

ಜಾಯ್-ಕಾನ್ 2 ಹಳೇ ಹಳಿ ಬಿಟ್ಟು ಆಯಸ್ಕಾಂತದಿಂದ ಅಂಟುತ್ತೆ. ಪಕ್ಕದ ಸಣ್ಣ ಕನೆಕ್ಟರ್ ನೇರವಾಗಿ ಗುಳಿಯೊಳಗೆ ಹೋಗಬೇಕು. ಟಕ್ ಅಂತ ಕೂತ ಮೇಲೆ ಅಲ್ಲಾಡಲ್ಲ, ಹಳೇ ಸ್ವಿಚ್‌ನಲ್ಲಿದ್ದ ಕಿರುಗುಟ್ಟೋ ಸಡಿಲ ಹೋಗಿದೆ. ತೆಗೆಯೋವಾಗ ಹಿಂದಿನ ಬಟನ್ ಪೂರ್ತಿ ಒತ್ತಿಯೇ ಎಳೆಯಿರಿ.

ಸ್ಕ್ರೀನ್ ಮೇಲೆ ಫ್ಯಾಕ್ಟರಿಯಲ್ಲೇ ಅಂಟಿಸಿದ ತೆಳು ಪದರ ಒಂದಿದೆ. ಅದು ಸಾಗಣೆಗೆ ಹಾಕಿದ ಪ್ಲಾಸ್ಟಿಕ್ ಅಲ್ಲ. ಗಾಜು ಒಡೆದರೆ ಚೂರು ಸಿಡಿಯದಂತೆ ಹಾಕಿರೋದು. ಅಂಚಿನಲ್ಲಿ ಉಗುರು ಹಾಕಿ ಕೀಳಬೇಡಿ. ಸ್ಕ್ರೀನ್ ಗಾರ್ಡ್ ಹಾಕೋದಾದ್ರೆ ಅದರ ಮೇಲೇ ಹಾಕಿ.

ಎಂಟುಬಿಟ್:

ಒಳ್ಳೆ ಶುರು ಗುರು. ಸ್ಕ್ರೀನ್ ಬಗ್ಗೆ ಇನ್ನೂ ಹೇಳೋದಿದೆ. 7.9 ಇಂಚು, 1080ಪಿ, 120 ಹರ್ಟ್ಸ್, ವಿಆರ್‌ಆರ್ (ಆಟದ ಫ್ರೇಮ್‌ಗೆ ತಕ್ಕಂತೆ ಸ್ಕ್ರೀನ್ ವೇಗ ಬದಲಾಗೋದು), ಎಚ್‌ಡಿಆರ್10 (ಬೆಳಕು-ಕತ್ತಲ ವ್ಯಾಪ್ತಿ ಹೆಚ್ಚಿಸೋದು) ಅಂತ ಕಾಗದದ ಮೇಲೆ ಎಲ್ಲ ಇದೆ. ಆದರೆ ಇದು ಎಲ್‌ಸಿಡಿ, ಅಂದ್ರೆ ಹಿಂದಿನಿಂದ ಬೆಳಕು ಬೀಳೋ ಸ್ಕ್ರೀನ್. ಕತ್ತಲ ದೃಶ್ಯದಲ್ಲಿ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತೆ, ಅದಕ್ಕೇ ಈ ಸ್ಕ್ರೀನ್‌ನಲ್ಲಿ ಎಚ್‌ಡಿಆರ್ ಇದ್ದೂ ಇಲ್ಲದ ಹಾಗೆ. ಪಿಕ್ಸೆಲ್‌ಗಳು ಬಣ್ಣ ಬದಲಿಸೋ ವೇಗವೂ ಕಮ್ಮಿ. ಹಿನ್ನೆಲೆ ಜೋರಾಗಿ ಪಕ್ಕಕ್ಕೆ ಸರಿಯೋ ಆಟಗಳಲ್ಲಿ ಅಂಚುಗಳು ಮಸುಕಾಗೋದು ಕಣ್ಣಿಗೆ ಕಾಣುತ್ತೆ. ಓಎಲ್‌ಇಡಿ ಸ್ವಿಚ್‌ನಿಂದ ಬರೋರಿಗೆ ಇದು ಮೊದಲ ದಿನವೇ ಎದ್ದು ಕಾಣುತ್ತೆ.

ಇನ್ನೊಂದು ವಿಷಯ ಹಳೇ ಆಟಗಳದ್ದು. ಸ್ವಿಚ್ 1ರ ಆಟವನ್ನ ಕೈಯಲ್ಲಿ ಹಿಡಿದು ಆಡಿದರೆ ಅದು ಮಾಮೂಲಿಯಾಗಿ ಹಳೇ ಹ್ಯಾಂಡ್‌ಹೆಲ್ಡ್ ಲೆಕ್ಕದಲ್ಲೇ, ಅಂದ್ರೆ ಹೆಚ್ಚೆಂದರೆ 720ಪಿ ಚಿತ್ರ ಕೊಡುತ್ತೆ. ಅದನ್ನ 1080ಕ್ಕೆ ಹಿಗ್ಗಿಸಬೇಕು. 720ರ ಒಂದೂವರೆ ಪಟ್ಟು 1080. ಒಂದು ಪಿಕ್ಸೆಲ್ ಇದ್ದ ಜಾಗದಲ್ಲಿ ಒಂದೂವರೆ ಪಿಕ್ಸೆಲ್ ತುಂಬಬೇಕು ಅಂದ್ರೆ ಅಂಚು ಮೆತ್ತಗಾಗೋದು ಖಚಿತ. ಅಕ್ಷರ ಜಾಸ್ತಿ ಇರೋ ಆಟಗಳಲ್ಲಿ ಇದು ಬೇಗ ಗೊತ್ತಾಗುತ್ತೆ. ಸ್ಕ್ರೀನ್ ಕೆಟ್ಟಿದೆ ಅಂತ ವಾಪಸ್ ಕಳಿಸೋಕೆ ಹೋಗಬೇಡಿ.

ಯಾವ ಆಟಕ್ಕೆ ಸ್ವಿಚ್ 2 ಅಪ್‌ಡೇಟ್ ಬಂದಿದೆಯೋ ಅದರಲ್ಲಿ ಈ ತೊಂದರೆ ಇಲ್ಲ. ಸೂಪರ್ ಮಾರಿಯೊ ಒಡಿಸ್ಸಿ, ಪೋಕೆಮಾನ್ ಸ್ಕಾರ್ಲೆಟ್ ಮತ್ತು ವಯಲೆಟ್ ಇವಕ್ಕೆಲ್ಲ ಉಚಿತ ಅಪ್‌ಡೇಟ್ ಬಂತು. ಎರಡು ಜೆಲ್ಡಾ ಆಟಗಳಿಗೆ, ಅಂದ್ರೆ ಬ್ರೆತ್ ಆಫ್ ದಿ ವೈಲ್ಡ್ ಮತ್ತು ಟಿಯರ್ಸ್ ಆಫ್ ದಿ ಕಿಂಗ್‌ಡಮ್‌ಗೆ, ಅಪ್‌ಗ್ರೇಡ್ ಬೇರೆ ಕೊಳ್ಳಬೇಕು. ಪೋಕೆಮಾನ್ ಅಪ್‌ಡೇಟ್ ಹಾಕೋ ಮುಂಚೆ, ಹಾಕಿದ ಮೇಲೆ ಒಂದೇ ಜಾಗದಲ್ಲಿ ನಿಂತು ನೋಡಿ. ಯಂತ್ರದ ಬೆಲೆ ಎಲ್ಲಿಗೆ ಹೋಯ್ತು ಅಂತ ಅಲ್ಲೇ ಗೊತ್ತಾಗುತ್ತೆ.

ಹೊಸಹಂತ:

ಹಳೇ ಸ್ವಿಚ್‌ನಲ್ಲಿ ಆರೇಳು ವರ್ಷದ ಸೇವ್‌ಗಳಿವೆ (ಆಟ ಎಲ್ಲಿವರೆಗೆ ಬಂದಿದೆ ಅನ್ನೋ ದಾಖಲೆ). ಹೊಸದಕ್ಕೆ ಸಾಗಿಸೋ ಸರಿಯಾದ ಕ್ರಮ ಯಾರಾದ್ರೂ ಹೇಳ್ತೀರಾ? ಹಳೇ ಮೈಕ್ರೊಎಸ್‌ಡಿ ಕಾರ್ಡನ್ನ ತೆಗೆದು ಹೊಸದಕ್ಕೆ ಹಾಕಿದರೆ ಸಾಕಾ?

ಸೇವ್‌ಪಾಯಿಂಟ್:

ಸಾಕಾಗಲ್ಲ. ಸೇವ್ ಡೇಟಾ ಯಾವತ್ತೂ ಮೈಕ್ರೊಎಸ್‌ಡಿ ಮೇಲೆ ಇರಲ್ಲ, ಕನ್ಸೋಲ್‌ನ ಒಳಗಿನ ಮೆಮರಿಯಲ್ಲೇ ಇರುತ್ತೆ. ಕಾರ್ಡ್ ಮೇಲಿರೋದು ಆಟದ ಫೈಲು, ಅಪ್‌ಡೇಟು, ಸ್ಕ್ರೀನ್‌ಶಾಟು, ವಿಡಿಯೊ ಅಷ್ಟೇ.

ಕ್ರಮ ಹೀಗೆ:

ಮೊದಲು ಹಳೇ ಸ್ವಿಚ್‌ಗೆ ಇತ್ತೀಚಿನ ಸಿಸ್ಟಮ್ ಅಪ್‌ಡೇಟ್ ಹಾಕಿ. ನಿಮ್ಮ ಯೂಸರ್‌ಗೆ ನಿಂಟೆಂಡೊ ಅಕೌಂಟ್ ಜೋಡಿಸಿದೆಯಾ ನೋಡಿ. ಮನೆಯವರೆಲ್ಲ ಒಂದೊಂದು ಯೂಸರ್ ಮಾಡಿಕೊಂಡು ಅಕೌಂಟ್ ಜೋಡಿಸದೆ ಬಿಟ್ಟಿರೋದು ಸಾಮಾನ್ಯ, ಅದನ್ನ ಈಗಲೇ ಸರಿ ಮಾಡಿ. ಆಮೇಲೆ ಎರಡೂ ಕನ್ಸೋಲ್‌ಗಳನ್ನ ಚಾರ್ಜರ್‌ಗೆ ಹಾಕಿ, ಅಕ್ಕಪಕ್ಕ ಇಡಿ, ಎರಡನ್ನೂ ಇಂಟರ್ನೆಟ್‌ಗೆ ಸೇರಿಸಿ.

ಹೊಸ ಕನ್ಸೋಲ್ ಮೊದಲ ಸಲ ಆನ್ ಮಾಡಿದಾಗ ಭಾಷೆ, ವೈಫೈ, ಅಪ್‌ಡೇಟ್ ಆದ ಮೇಲೆ ಸಿಸ್ಟಮ್ ಟ್ರಾನ್ಸ್‌ಫರ್ ಬೇಕಾ ಅಂತ ಕೇಳುತ್ತೆ. ಅಲ್ಲಿ ಮುಂದೆ ಹೋಗಿಬಿಡಬೇಡಿ. ಇಡೀ ಸಿಸ್ಟಮ್ ಸಾಗಿಸೋ ಅವಕಾಶ ಮೊದಲ ಸೆಟಪ್‌ನಲ್ಲಿ ಮಾತ್ರ. ಅದನ್ನ ದಾಟಿದರೆ ಮತ್ತೆ ಆ ಅವಕಾಶಕ್ಕೆ ಹೊಸ ಕನ್ಸೋಲನ್ನ ಫ್ಯಾಕ್ಟರಿ ರೀಸೆಟ್ ಮಾಡಬೇಕು, ಇಲ್ಲಾಂದ್ರೆ ಒಂದೊಂದೇ ಆಟದ ಸೇವ್ ಸಾಗಿಸುತ್ತಾ ಕೂರಬೇಕು. ಹಳೇದು ಪಕ್ಕದಲ್ಲೇ ಇಲ್ಲದಿದ್ದರೆ ಸರ್ವರ್‌ಗೆ ಅಪ್‌ಲೋಡ್ ಮಾಡೋ ದಾರಿ ಇದೆ. ಅದರಲ್ಲಿ ಹಳೇ ಕನ್ಸೋಲ್ ರೀಸೆಟ್ ಆಗಿಬಿಡುತ್ತೆ ಅನ್ನೋದು ನೆನಪಿರಲಿ. ಹಳೇದನ್ನ ಇಟ್ಟುಕೊಂಡು ಆಡೋ ಯೋಚನೆ ಇದ್ದರೆ ಅಕ್ಕಪಕ್ಕ ಇಟ್ಟು ಮಾಡೋದೇ ಸರಿ.

ಆಟಗಳ ಫೈಲುಗಳು ಹೊಸದಾಗಿ ಡೌನ್‌ಲೋಡ್ ಆಗುತ್ತವೆ. ಕಾರ್ಟ್ರಿಜ್ ಆಟಗಳನ್ನ ನೇರ ಹಾಕಿಕೊಳ್ಳಬಹುದು, ಸ್ವಿಚ್ 1 ಕಾರ್ಡ್‌ಗಳು ಅದೇ ಸ್ಲಾಟ್‌ನಲ್ಲಿ ಕೂರುತ್ತವೆ.

ಆಮೇಲೆ ಕ್ಲೌಡ್ ಸೇವ್ ಬಗ್ಗೆ. ಅದಕ್ಕೆ ನಿಂಟೆಂಡೊ ಸ್ವಿಚ್ ಆನ್‌ಲೈನ್ ಸದಸ್ಯತ್ವ ಬೇಕು. ಇದ್ದರೂ ಎಲ್ಲ ಆಟಕ್ಕೂ ಸಿಗಲ್ಲ. ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್‌ಗೆ ಮಾಮೂಲಿ ಕ್ಲೌಡ್ ಸೇವ್ ಇಲ್ಲ, ದ್ವೀಪದ ಬ್ಯಾಕಪ್ ಅಂತ ಬೇರೆಯದೇ ವ್ಯವಸ್ಥೆ ಇದೆ, ಅದನ್ನ ಆಟದೊಳಗೇ ಆನ್ ಮಾಡಬೇಕು. ಹಳೇ ಕನ್ಸೋಲನ್ನ ಯಾರಿಗಾದ್ರೂ ಕೊಡೋ ಮುಂಚೆ ಪ್ರತಿ ಆಟವನ್ನೂ ಹೊಸದರಲ್ಲಿ ತೆರೆದು ಸೇವ್ ಬಂದಿದೆಯಾ ನೋಡಿ. ಮೆನುವಿನಲ್ಲಿ ಹೆಸರು ಕಾಣಿಸಿದ ಮಾತ್ರಕ್ಕೆ ನಂಬಬೇಡಿ.

ಹೊಸಹಂತ:

ತುಂಬಾ ಥ್ಯಾಂಕ್ಸ್. ಹಾಗಾದ್ರೆ ಹಳೇ 256 ಜಿಬಿ ಕಾರ್ಡ್ ಹೊಸದಕ್ಕೆ ಉಪಯೋಗವೇ ಇಲ್ವಾ?

ಸೇವ್‌ಪಾಯಿಂಟ್:

ಸ್ಕ್ರೀನ್‌ಶಾಟ್, ವಿಡಿಯೊ ಒಳಗೆ ಕಾಪಿ ಮಾಡಿಕೊಳ್ಳೋಕೆ ಬರುತ್ತೆ. ಆಟ ಹಾಕೋಕೆ ಬರಲ್ಲ. ಸ್ವಿಚ್ 2ಕ್ಕೆ ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಬೇಕು, ಹೆಚ್ಚೆಂದರೆ 2 ಟಿಬಿ.

ಕಾರಣ ವೇಗ. ಹಳೇ ಯುಎಚ್‌ಎಸ್-1 ಕಾರ್ಡ್‌ನ ಗರಿಷ್ಠ ಸೆಕೆಂಡಿಗೆ 104 ಎಂಬಿ. ಎಕ್ಸ್‌ಪ್ರೆಸ್ ಕಾರ್ಡ್ ಕಂಪ್ಯೂಟರ್‌ನ ಎಸ್‌ಎಸ್‌ಡಿ ಬಳಸೋ ಪಿಸಿಐಇ ದಾರಿಯಲ್ಲೇ ಮಾತಾಡುತ್ತೆ, ಅದರ ಮಿತಿ ಸುಮಾರು 985. ಸ್ವಿಚ್ 2ರ ಆಟಗಳನ್ನ ಆ ವೇಗ ಇದೆ ಅಂತ ನಂಬಿಯೇ ಬರೆದಿರ್ತಾರೆ. ಅದಕ್ಕೇ ನಿಧಾನದ ಕಾರ್ಡ್‌ಗೆ ಬಾಗಿಲೇ ಮುಚ್ಚಿದ್ದಾರೆ.

ಕೊಳ್ಳೋವಾಗ ಕಾರ್ಡ್ ಮೇಲೆ ಇಎಕ್ಸ್ ಅನ್ನೋ ಗುರುತು ಇದೆಯಾ ನೋಡಿ. "ಎಕ್ಸ್‌ಟ್ರೀಮ್", "ಅಲ್ಟ್ರಾ" ಅನ್ನೋ ಪದಗಳು ಬ್ರ್ಯಾಂಡ್ ಹೆಸರು ಮಾತ್ರ. ಹಿಂದೆ ಎರಡು ಸಾಲು ಪಿನ್ ಇದ್ದರೆ ಎಕ್ಸ್‌ಪ್ರೆಸ್ ಅಂತಲೂ ಲೆಕ್ಕ ಹಾಕಬೇಡಿ, ಯುಎಚ್‌ಎಸ್-2 ಕಾರ್ಡ್‌ಗೂ ಎರಡು ಸಾಲಿರುತ್ತೆ, ಅದು ಇಲ್ಲಿ ನಡೆಯಲ್ಲ.

ಕಾರ್ಡ್ ತಕ್ಷಣ ಬೇಕೇ ಬೇಕು ಅಂತೇನಿಲ್ಲ. ಒಳಗೆ 256 ಜಿಬಿ ಇದೆ, ಒಂದಿಷ್ಟು ಸಿಸ್ಟಮ್‌ಗೆ ಹೋಗುತ್ತೆ. ಟಿಯರ್ಸ್ ಆಫ್ ದಿ ಕಿಂಗ್‌ಡಮ್ ಸುಮಾರು 16 ಜಿಬಿ, ಸೈಬರ್‌ಪಂಕ್ 2077 ಸುಮಾರು 60. ದೊಡ್ಡ ಆಟ ಮೂರ್ನಾಲ್ಕು ಸೇರೋವರೆಗೆ ಕಾಯಬಹುದು.

ಕಾರ್ಟ್ರಿಜ್‌ಸಂಗ್ರಹ:

ಜಾಗದ ಮಾತು ಬಂದಿದ್ದಕ್ಕೆ ಹೇಳ್ತೀನಿ, ಅಂಗಡಿಯಲ್ಲಿ ಡಬ್ಬ ತಗೊಳ್ಳೋವಾಗ ಮುಂಭಾಗದ ಕೆಳಗಡೆ ಓದಿ. "ಗೇಮ್-ಕೀ ಕಾರ್ಡ್" ಅಂತ ಪಟ್ಟಿ ಇದ್ದರೆ ಒಳಗಿರೋ ಕಾರ್ಡ್‌ನಲ್ಲಿ ಆಟ ಇಲ್ಲ, ಬೀಗದ ಕೈ ಮಾತ್ರ ಇದೆ. ಇಡೀ ಆಟ ಡೌನ್‌ಲೋಡ್ ಆಗಬೇಕು, ಆಮೇಲೂ ಆಡೋವಾಗಲೆಲ್ಲ ಆ ಕಾರ್ಡ್ ಸ್ಲಾಟ್‌ನಲ್ಲಿರಬೇಕು. ಒಳ್ಳೇ ಅಂಶ ಒಂದೇ: ಬೇರೆಯವರಿಗೆ ಕೊಡಬಹುದು, ಮಾರಬಹುದು. ಅದೇ ಸೈಬರ್‌ಪಂಕ್ 64 ಜಿಬಿ ಕಾರ್ಡ್‌ನಲ್ಲಿ ಪೂರ್ತಿ ಆಟವೇ ಬಂತು. ಇಪ್ಪತ್ತು ವರ್ಷ ಬಿಟ್ಟು ಮತ್ತೆ ಆಡಬೇಕು ಅನ್ನೋ ಮನಸ್ಸಿರೋರಿಗೆ ಈ ಎರಡರ ವ್ಯತ್ಯಾಸ ಬಹಳ ದೊಡ್ಡದು. ಡಬ್ಬದ ಆ ಒಂದು ಪಟ್ಟಿ ಓದದೆ ದುಡ್ಡು ಕೊಡಬೇಡಿ.

ವೋಲ್ಟ್‌ಮೀಟರ್:

ಚಾರ್ಜರ್ ಮತ್ತು ಡಾಕ್ ಬಗ್ಗೆ ಬರೀತೀನಿ, ಟಿವಿಯಲ್ಲಿ ಚಿತ್ರವೇ ಬರಲ್ಲ ಅನ್ನೋ ದೂರುಗಳು ಬಹುಪಾಲು ಇಲ್ಲೇ ಹುಟ್ಟೋದು.

ಮೊದಲ ಸ್ವಿಚ್‌ನ ಅಡಾಪ್ಟರ್ ಡಾಕ್‌ಗೆ 15 ವೋಲ್ಟ್, 2.6 ಆಂಪಿಯರ್ ಕೊಡುತ್ತಿತ್ತು, ಅಂದ್ರೆ 39 ವಾಟ್. ಸ್ವಿಚ್ 2ರದ್ದು 20 ವೋಲ್ಟ್, 3 ಆಂಪಿಯರ್, 60 ವಾಟ್. ಹಳೇ ಅಡಾಪ್ಟರ್ ಹಾಕಿದರೆ ಕನ್ಸೋಲ್ ಚಾರ್ಜ್ ಆಗುತ್ತೆ, ಡಾಕ್‌ನಿಂದ ಟಿವಿಗೆ ಚಿತ್ರ ಹೋಗಲ್ಲ. ಫೋನ್ ಚಾರ್ಜರ್‌ಗೂ ಅದೇ ಗತಿ. ಲ್ಯಾಪ್‌ಟಾಪ್ ಚಾರ್ಜರ್ ಹಾಕೋದಾದ್ರೆ ಅದರ ಮೈಮೇಲಿನ ಸಣ್ಣಕ್ಷರ ಓದಿ, 20 ವೋಲ್ಟ್‌ಗೆ 3 ಆಂಪಿಯರ್ ಅಂತ ಬರೆದಿರಬೇಕು. ಎರಡು ಮೂರು ಪೋರ್ಟ್ ಇರೋ ಚಾರ್ಜರ್‌ನಲ್ಲಿ ಪಕ್ಕದ ಪೋರ್ಟ್‌ಗೆ ಫೋನ್ ಚುಚ್ಚಿದ ಕೂಡಲೇ ವಾಟ್ ಹಂಚಿಹೋಗುತ್ತೆ, ಆಟದ ಮಧ್ಯೆ ಟಿವಿ ಕಪ್ಪಾಗೋದು ಹೀಗೆ.

ಹಳೇ ಡಾಕ್ ಹೊಸ ಕನ್ಸೋಲ್‌ಗೆ ಆಗಲ್ಲ. ಹೊಸ ಡಾಕ್‌ನಲ್ಲಿ ಫ್ಯಾನ್ ಇದೆ, ಲ್ಯಾನ್ ಪೋರ್ಟ್ ಇದೆ. ಬೇರೆ ಕಂಪನಿಗಳ ಡಾಕ್ ವಿಷಯದಲ್ಲಿ ಅವಸರ ಬೇಡ. ಯುಎಸ್‌ಬಿ-ಸಿಯಿಂದ ಎಚ್‌ಡಿಎಂಐ ಕೊಡೋ ಸಾಮಾನ್ಯ ಅಡಾಪ್ಟರ್‌ಗಳು ಸ್ವಿಚ್ 2ರ ಜೊತೆ ಕೆಲಸ ಮಾಡಲ್ಲ, ಕನ್ಸೋಲ್ ತನ್ನ ಡಾಕ್ ಹೌದಾ ಅಂತ ತನ್ನದೇ ಸಂಕೇತದಲ್ಲಿ ವಿಚಾರಿಸುತ್ತೆ. ಆ ಉತ್ತರ ಕಲಿತ ಡಾಕ್ ಕೂಡ ಮುಂದಿನ ಸಿಸ್ಟಮ್ ಅಪ್‌ಡೇಟ್‌ಗೆ ಮೂಕಾಗಬಹುದು. 2018ರಲ್ಲಿ ಹಳೇ ಸ್ವಿಚ್‌ಗೆ 5.0 ಅಪ್‌ಡೇಟ್ ಬಂದಾಗ ಬೇರೆ ಕಂಪನಿಗಳ ಕೆಲವು ಡಾಕ್‌ಗಳಲ್ಲಿಟ್ಟ ಕನ್ಸೋಲ್‌ಗಳು ಸತ್ತೇ ಹೋದ ವರದಿಗಳಿದ್ದವು.

ಟಿವಿಗೆ ಚಿತ್ರ ಬಾರದಿದ್ದರೆ: ಕನ್ಸೋಲನ್ನ ಡಾಕ್‌ನಿಂದ ತೆಗೆಯಿರಿ. ಅಡಾಪ್ಟರನ್ನ ಡಾಕ್‌ನಿಂದಲೂ ಗೋಡೆಯಿಂದಲೂ ಬಿಚ್ಚಿ, ಅರ್ಧ ನಿಮಿಷ ಬಿಡಿ. ಗೋಡೆಯ ಪ್ಲಗ್, ಡಾಕ್‌ನ ಚಾರ್ಜರ್ ತುದಿ, ಎಚ್‌ಡಿಎಂಐ, ಕೊನೆಗೆ ಕನ್ಸೋಲ್, ಈ ಕ್ರಮದಲ್ಲೇ ವಾಪಸ್ ಹಾಕಿ. ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ನೇರ ಗೋಡೆಗೆ ಹಾಕಿ ನೋಡೋದೂ ಒಳ್ಳೇದು. ಅಡಾಪ್ಟರ್ ಒಳಗಿನ ರಕ್ಷಣಾ ಸರ್ಕ್ಯೂಟ್ ಒಮ್ಮೆ ಟ್ರಿಪ್ ಆದರೆ ಪೂರ್ತಿ ಬಿಚ್ಚಿಟ್ಟ ಮೇಲಷ್ಟೇ ತಿರುಗಿ ಸರಿಹೋಗುತ್ತೆ.

ಡಾಕ್ ಇಲ್ಲದೆ ಆಡುತ್ತಾ ಚಾರ್ಜ್ ಮಾಡೋಕೆ 30 ವಾಟ್‌ನ ಪಿಡಿ (ಯುಎಸ್‌ಬಿ-ಸಿ ವೇಗದ ಚಾರ್ಜಿಂಗ್ ಪದ್ಧತಿ) ಪವರ್‌ಬ್ಯಾಂಕ್ ಸಾಕು. ಈ ಸಲ ಮೇಲ್ಭಾಗದಲ್ಲೂ ಯುಎಸ್‌ಬಿ-ಸಿ ಪೋರ್ಟ್ ಕೊಟ್ಟಿರೋದು ನನ್ನ ಪ್ರಕಾರ ಇಡೀ ಯಂತ್ರದ ಅತ್ಯಂತ ಉಪಯುಕ್ತ ಬದಲಾವಣೆ. ಹಳೇದರಲ್ಲಿ ಪೋರ್ಟ್ ಕೆಳಗೆ ಒಂದೇ ಇತ್ತು, ಸ್ಟ್ಯಾಂಡ್ ಮೇಲೆ ನಿಲ್ಲಿಸಿದರೆ ಚಾರ್ಜರ್ ಚುಚ್ಚೋಕೇ ಆಗ್ತಿರಲಿಲ್ಲ.

ದೊಡ್ಡಪರದೆ:

ಟಿವಿ ಬದಿ ನಾನು ತಗೋತೀನಿ.

ಡಬ್ಬದಲ್ಲಿ ಬಂದ ಎಚ್‌ಡಿಎಂಐ ಕೇಬಲನ್ನೇ ಬಳಸಿ. ಹಳೇ ಸ್ವಿಚ್ ಕೇಬಲ್ ಅಲ್ಲೇ ಟಿವಿ ಹಿಂದೆ ನೇತಾಡ್ತಿದೆ ಅಂತ ಅದನ್ನೇ ಚುಚ್ಚಿದರೆ 4ಕೆ 60 ಜೊತೆ ಎಚ್‌ಡಿಆರ್ ಸಿಗಲ್ಲ. ಕೇಬಲ್ ಸರಿ ಇದ್ದೂ 4ಕೆ ಆಯ್ಕೆ ಕಾಣಿಸಲಿಲ್ಲ ಅಂದ್ರೆ ತಪ್ಪು ಟಿವಿಯ ಎಚ್‌ಡಿಎಂಐ ಪೋರ್ಟ್ ಸೆಟ್ಟಿಂಗ್‌ನಲ್ಲಿರುತ್ತೆ. ಬಹುತೇಕ ಟಿವಿಗಳಲ್ಲಿ ಪ್ರತಿ ಪೋರ್ಟ್‌ಗೂ "ಎನ್‌ಹ್ಯಾನ್ಸ್ಡ್" ಅಥವಾ "ಡೀಪ್ ಕಲರ್" ಅನ್ನೋ ಸ್ವಿಚ್ ಬೇರೆ ಬೇರೆ ಇರುತ್ತೆ, ಆಫ್ ಆಗಿರೋದೂ ಉಂಟು. ಅದನ್ನ ಆನ್ ಮಾಡಿ, ಗೇಮ್ ಮೋಡ್ ಹಾಕಿ.

4ಕೆ ಅಂದ್ರೆ 60 ಫ್ರೇಮ್ ಮಿತಿ. 120 ಫ್ರೇಮ್ ಬೇಕಂದ್ರೆ 1080 ಅಥವಾ 1440ಕ್ಕೆ ಇಳಿಯಬೇಕು. ವಿಆರ್‌ಆರ್ ಕೈಯಲ್ಲಿನ ಸ್ಕ್ರೀನ್‌ಗೆ ಮಾತ್ರ, ಡಾಕ್‌ನಿಂದ ಟಿವಿಗೆ ಬರಲ್ಲ. ಸೈಬರ್‌ಪಂಕ್‌ನ 40 ಫ್ರೇಮ್ ಮೋಡ್ ಸಿಗಬೇಕಾದ್ರೆ ಟಿವಿ 120 ಹರ್ಟ್ಸ್ ತಗೊಳ್ಳಬೇಕು, ಯಾಕಂದ್ರೆ 40 ಅನ್ನೋದು 60ಕ್ಕೆ ಸರಿಯಾಗಿ ಭಾಗವಾಗಲ್ಲ, 120ಕ್ಕೆ ಆಗುತ್ತೆ.

ಎಚ್‌ಡಿಆರ್‌ನಲ್ಲಿ ಎಲ್ಲರೂ ಸೋಲೋದು ಒಂದೇ ಕಡೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಎಚ್‌ಡಿಆರ್ ಔಟ್‌ಪುಟನ್ನ "ಬೆಂಬಲಿಸೋ ಸಾಫ್ಟ್‌ವೇರ್‌ಗೆ ಮಾತ್ರ" ಅನ್ನೋದಕ್ಕೆ ಇಡಿ. ಎಲ್ಲದಕ್ಕೂ ಎಚ್‌ಡಿಆರ್ ಕಳಿಸಿದರೆ ಹಳೇ ಆಟಗಳೂ ಹೋಮ್ ಸ್ಕ್ರೀನೂ ತೊಳೆದಿಟ್ಟ ಬಣ್ಣದಲ್ಲಿ ಕಾಣುತ್ತವೆ. ಟಿವಿಯಲ್ಲಿ ಎಚ್‌ಜಿಐಜಿ (ಬೆಳಕಿನ ಹೊಂದಾಣಿಕೆಯನ್ನ ಕನ್ಸೋಲ್‌ಗೇ ಬಿಡೋ) ಆಯ್ಕೆ ಇದ್ದರೆ ಅದನ್ನ ಹಾಕಿ, ಇಲ್ಲದಿದ್ದರೆ ಡೈನಾಮಿಕ್ ಟೋನ್ ಮ್ಯಾಪಿಂಗ್ (ಟಿವಿ ತಾನೇ ಬೆಳಕನ್ನ ತಿದ್ದೋದು) ಆಫ್ ಮಾಡಿ. ಅದಾದ ಮೇಲೆ ಕನ್ಸೋಲ್‌ನ ಎಚ್‌ಡಿಆರ್ ಹೊಂದಾಣಿಕೆಗೆ ಹೋಗಿ. ಕ್ರಮ ತಿರುಗಿದರೆ ನೀವು ಹೊಂದಿಸಿದ ಅಂಕಿಯನ್ನ ಟಿವಿ ಮತ್ತೆ ತನ್ನಿಷ್ಟಕ್ಕೆ ತಿದ್ದುತ್ತೆ.

ಕಪ್ಪು ಬೂದಿಯಾಗಿ ಕಂಡರೆ, ಇಲ್ಲಾ ಕತ್ತಲಲ್ಲಿ ವಿವರವೆಲ್ಲ ಮುಳುಗಿಹೋದರೆ, ಆರ್‌ಜಿಬಿ ರೇಂಜ್ (ಕಪ್ಪಿನಿಂದ ಬಿಳಿವರೆಗಿನ ಬಣ್ಣದ ವ್ಯಾಪ್ತಿ) ಹೊಂದಿಕೆಯಾಗಿಲ್ಲ ಅಂತ ಅರ್ಥ. ಕನ್ಸೋಲ್ ಫುಲ್ ಆದರೆ ಟಿವಿಯೂ ಫುಲ್, ಅದು ಲಿಮಿಟೆಡ್ ಆದರೆ ಇದೂ ಲಿಮಿಟೆಡ್.

ಧ್ವನಿ: ಸರೌಂಡ್ ಬರೋದು ಲೀನಿಯರ್ ಪಿಸಿಎಂ (ಒತ್ತಿ ಚಿಕ್ಕದು ಮಾಡದ ಧ್ವನಿ) ರೂಪದಲ್ಲಿ. ಟಿವಿಯಿಂದ ಸೌಂಡ್‌ಬಾರ್‌ಗೆ ಆಪ್ಟಿಕಲ್ ಕೇಬಲ್ ಅಥವಾ ಹಳೇ ಎಆರ್‌ಸಿ (ಟಿವಿಯ ಧ್ವನಿಯನ್ನ ಎಚ್‌ಡಿಎಂಐ ಮೂಲಕ ಹೊರಗೆ ಕಳಿಸೋ ದಾರಿ) ಇದ್ದರೆ ಪಿಸಿಎಂ ಎರಡು ಚಾನಲ್‌ಗೇ ನಿಲ್ಲುತ್ತೆ. 5.1 ಬೇಕಂದ್ರೆ ಅದರ ಹೊಸ ರೂಪ ಇಎಆರ್‌ಸಿ ಬೇಕು, ಇಲ್ಲಾ ಡಾಕನ್ನ ನೇರ ರಿಸೀವರ್‌ಗೆ ಜೋಡಿಸಬೇಕು.

ಮೌಸ್‌ಹಿಡಿ:

ಜಾಯ್-ಕಾನ್ 2 ಮೌಸ್ ಬಗ್ಗೆ ಯಾರೂ ಬರೆದಿಲ್ಲ. ಚಿಕ್ಕದಾಗಿ: ಪಕ್ಕದ ಅಂಚನ್ನ ಮೇಜಿಗೆ ತಾಗಿಸಿ ಸರಿಸಬೇಕು. ಸ್ಟ್ರಾಪ್ ಹಾಕಿಯೇ ಬಳಸಿ, ಜಾರೋ ಮೇಲ್ಮೈ ಅಗಲ ಆಗುತ್ತೆ, ಅಂಚೂ ಸವೆಯಲ್ಲ. ಬಟ್ಟೆಯ ಮೇಲೂ ಓಡುತ್ತೆ, ಪಾರದರ್ಶಕ ಗಾಜಿನ ಮೇಲೆ ಓಡಲ್ಲ. ಸಂವೇದಕ ನಿಖರವಾಗಿದೆ. ಆದರೆ ಹಿಡಿತ ಕಿರಿದು, ಹೆಬ್ಬೆರಳು ಮತ್ತು ಉಂಗುರದ ಬೆರಳಿನ ಬುಡ ಬೇಗ ಸೋಲುತ್ತೆ. ಮೆನು, ನಕ್ಷೆ, ಗುರಿಯಿಡೋ ಆಟಕ್ಕೆ ಚೆನ್ನ. ತಾಸುಗಟ್ಟಲೆ ಆಡೋಕೆ ಅಲ್ಲ.

ಇನ್ನೊಂದು, ಜಾಯ್-ಕಾನ್ 2ರಲ್ಲಿ ಹಳೇ ಐಆರ್ ಕ್ಯಾಮೆರಾ ಇಲ್ಲ. ರಿಂಗ್ ಫಿಟ್ ಅಡ್ವೆಂಚರ್ ಆಡೋರು ಹಳೇ ಜಾಯ್-ಕಾನ್ ಕೊಟ್ಟುಬಿಡಬೇಡಿ, ಹೊಸದು ಆ ಉಂಗುರಕ್ಕೆ ಕೂರೋದೇ ಇಲ್ಲ. ಹಳೇದು ಹೊಸ ಕನ್ಸೋಲ್‌ಗೆ ವೈರ್‌ಲೆಸ್ ಆಗಿ ಸೇರುತ್ತೆ. ಚಾರ್ಜ್ ಮಾಡೋಕೆ ಮಾತ್ರ ಹಳೇ ಸ್ವಿಚ್ಚೋ ಚಾರ್ಜಿಂಗ್ ಗ್ರಿಪ್ಪೋ ಬೇಕು. ಹಳೇ ಕಂಟ್ರೋಲರ್‌ನ ಹೋಮ್ ಬಟನ್ ಒತ್ತಿದರೆ ನಿದ್ದೆಯಲ್ಲಿರೋ ಸ್ವಿಚ್ 2 ಏಳಲ್ಲ, ಅದು ಕೆಟ್ಟಿರೋದಲ್ಲ.

ಬೆರಳತುದಿ:

ಸ್ಟಿಕ್ ಡ್ರಿಫ್ಟ್ (ಮುಟ್ಟದೆಯೂ ಸ್ಟಿಕ್ ತಾನೇ ಸರಿದ ಹಾಗೆ ಆಗೋದು) ಬಗ್ಗೆ ಸಣ್ಣಸ್ಕ್ರೂ ಅವರು ಬರೆದರೆ ಒಳ್ಳೇದು. ಹೊಸದರಲ್ಲೂ ಬರುತ್ತಾ ಅನ್ನೋದು ಎಲ್ಲರ ಪ್ರಶ್ನೆ.

ಸಣ್ಣಸ್ಕ್ರೂ:

ಬರಬಹುದು. ಜಾಯ್-ಕಾನ್ 2ರ ಸ್ಟಿಕ್ ದೊಡ್ಡದಾಗಿದೆ, ಮೃದುವಾಗಿದೆ, ಆದರೆ ಒಳಗಿರೋದು ಹಾಲ್ ಎಫೆಕ್ಟ್ (ಆಯಸ್ಕಾಂತದಿಂದ ಅಳೆಯೋದು) ಅಲ್ಲ, ಮಾಮೂಲಿ ಪೊಟೆನ್ಶಿಯೊಮೀಟರ್. ಅಂದ್ರೆ ಕಾರ್ಬನ್ ಪಟ್ಟಿಯ ಮೇಲೆ ಪುಟ್ಟ ಲೋಹದ ಬೆರಳು ಉಜ್ಜುತ್ತಾ ಇರುತ್ತೆ. ಸ್ಟಿಕ್ ಎಲ್ಲಿದೆ ಅಂತ ತಿಳಿಯೋದು ಆ ಪಟ್ಟಿಯ ರೋಧ ಅಳೆದು. ಪಟ್ಟಿ ಸವೆದರೆ, ಉದುರಿದ ಪುಡಿ ದಾರಿಗೆ ಅಡ್ಡ ಬಂದರೆ, ಹೊರಗಿನ ಧೂಳು ಸೇರಿದರೆ ಅಳತೆ ತಪ್ಪುತ್ತೆ. ನೀವು ಕೈಬಿಟ್ಟರೂ ಪಾತ್ರ ನಡೀತಾ ಇರುತ್ತೆ.

ಡ್ರಿಫ್ಟ್ ಅನಿಸಿದ ತಕ್ಷಣ ಬಿಚ್ಚಬೇಡಿ. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್‌ಗಳ ವಿಭಾಗ, ಅಲ್ಲಿ ಕ್ಯಾಲಿಬ್ರೇಟ್ ಕಂಟ್ರೋಲ್ ಸ್ಟಿಕ್ಸ್. ಯಾವ ಸ್ಟಿಕ್ಕೋ ಅದನ್ನ ಒಳಕ್ಕೆ ಒತ್ತಿ, ಆಮೇಲೆ ಬೆರಳು ಪೂರ್ತಿ ತೆಗೆದು ನೋಡಿ. ಗುರುತು ನಡುವಿಗೆ ಬಂದು ಕದಲದೆ ನಿಲ್ಲಬೇಕು. ನಿಧಾನಕ್ಕೆ ಅಂಚಿನವರೆಗೆ ಒಯ್ದು ಸುತ್ತಿಸಿ, ಎಲ್ಲ ದಿಕ್ಕಿನಲ್ಲೂ ವೃತ್ತ ಮುಟ್ಟಬೇಕು. ನಡುವಿಗೆ ಬರ್ತಿದೆ, ಒಂದು ಬದಿಗೆ ಸ್ವಲ್ಪ ವಾಲಿದೆ ಅಂದ್ರೆ ಕ್ಯಾಲಿಬ್ರೇಷನ್ ಸಾಕು. ಬೆರಳಿಲ್ಲದೆಯೂ ನಡುಗ್ತಿದೆ, ಹಾರ್ತಿದೆ ಅಂದ್ರೆ ಸವೆತ, ಕ್ಯಾಲಿಬ್ರೇಷನ್‌ನಿಂದ ಹೋಗಲ್ಲ. ವಾರಂಟಿ ಇದ್ದರೆ ಅಲ್ಲಿಗೇ ನಿಲ್ಲಿಸಿ, ಸರ್ವಿಸ್‌ಗೆ ಕಳಿಸಿ.

ವಾರಂಟಿ ಮುಗಿದ ಹಳೇ ಜಾಯ್-ಕಾನ್ ಆದರೆ ಮನೆಯಲ್ಲೇ ಮಾಡಬಹುದು. ಹಿಂದೆ ನಾಲ್ಕು ಮೂರುಕಾಲಿನ, ಅಂದ್ರೆ ವೈ ಆಕಾರದ, ಸ್ಕ್ರೂ ಇವೆ, ಅದಕ್ಕೆ ವೈ00 ಬಿಟ್ ಬೇಕು. ಪ್ಲಸ್ ಬಿಟ್ ಹಾಕಿ ತಿರುಗಿಸಿದರೆ ತಲೆ ಸವೆದು ಮುಂದೆ ಯಾರಿಂದಲೂ ಬರಲ್ಲ. ಹಿಂಬದಿ ಮುಚ್ಚಳವನ್ನ ಪುಸ್ತಕ ತೆರೆದ ಹಾಗೆ ಒಂದು ಬದಿಗೆ ಮಾತ್ರ ಬಿಡಿಸಿ, ಒಳಗೆ ತೆಳು ರಿಬ್ಬನ್ ಕೇಬಲ್‌ಗಳು ಎರಡೂ ಭಾಗಕ್ಕೆ ಹೋಗಿವೆ. ಎಳೆದರೆ ಹರಿಯೋದು ಅವೇ. ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಕಳಚೋದು. ಬ್ಯಾಟರಿ ತೆಳು ಅಂಟಿನ ಮೇಲಿದೆ, ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ, ಲೋಹದ ಸಾಮಾನು ಮುಟ್ಟಿಸಬೇಡಿ. ಅದರ ಕೆಳಗಿನ ತಟ್ಟೆಗೆ ಮೂರು ಸಣ್ಣ ಪ್ಲಸ್ ಸ್ಕ್ರೂ. ತಟ್ಟೆ ಎತ್ತಿದರೆ ಸ್ಟಿಕ್ ಕಾಣುತ್ತೆ, ಅದಕ್ಕೆ ಎರಡು ಸ್ಕ್ರೂ, ಒಂದು ರಿಬ್ಬನ್. ರಿಬ್ಬನ್ ಎಳೆಯೋ ಮುಂಚೆ ಸಾಕೆಟ್‌ನ ಕಪ್ಪು ಚಿಲಕವನ್ನ ಉಗುರಿನಿಂದ ಮೇಲಕ್ಕೆ ಎತ್ತಬೇಕು. ವಾಪಸ್ ಹಾಕೋವಾಗ ರಿಬ್ಬನ್ ಓರೆಯಾಗಿ ಕೂತರೆ ಸ್ಟಿಕ್ ಒಂದೇ ದಿಕ್ಕಿಗೆ ಕೆಲಸ ಮಾಡುತ್ತೆ. ಹೊಸ ಸ್ಟಿಕ್ ಕೆಟ್ಟಿದೆ ಅಂತ ಎಸೆಯೋ ಮುಂಚೆ ಅದನ್ನ ಒಮ್ಮೆ ಬಿಚ್ಚಿ ನೇರ ಕೂರಿಸಿ. ಹಾಲ್ ಎಫೆಕ್ಟ್ ಸ್ಟಿಕ್ ಹಾಕಿದರೆ ಉಜ್ಜೋ ಭಾಗವೇ ಇರಲ್ಲ. ಹಾಕಿದ ಮೇಲೆ ಕ್ಯಾಲಿಬ್ರೇಷನ್ ಮಾಡಲೇಬೇಕು.

ಜಾಯ್-ಕಾನ್ 2ಕ್ಕೆ ಇದನ್ನ ಹೇಳಲ್ಲ. ಸ್ಕ್ರೂಗಳು ಅಂಟು ಹಾಕಿದ ಪ್ಲಾಸ್ಟಿಕ್ ಪಟ್ಟಿಗಳ ಅಡಿಯಲ್ಲಿವೆ. ಕನ್ಸೋಲ್ ಒಳಗಿನ ಬ್ಯಾಟರಿಗೂ ಗಟ್ಟಿ ಅಂಟು ಹಾಕಿದ್ದಾರೆ. ಎಲ್ಲಕ್ಕಿಂತ ಬೇಗ ಸವೆಯೋ ಎರಡು ಭಾಗಗಳನ್ನ ಹೀಗೆ ಮುಚ್ಚಿಟ್ಟಿರೋದು ಈ ವಿನ್ಯಾಸದ ದೊಡ್ಡ ಕೊರತೆ ಅಂತಲೇ ನನ್ನ ಅಭಿಪ್ರಾಯ.

ಹೊಸಹಂತ:

ಬ್ಯಾಟರಿ ಶೇಕಡಾ 10ಕ್ಕೆ ಇಳಿದ ಮೇಲೂ ಗಂಟೆಗಟ್ಟಲೆ ಓಡುತ್ತೆ ಅಂತ ಕೆಲವರು ಹೇಳ್ತಾರಲ್ಲ, ಅದೇನು?

ವೋಲ್ಟ್‌ಮೀಟರ್:

ಬ್ಯಾಟರಿ ಸರಿ ಇರುತ್ತೆ, ಅದನ್ನ ತೋರಿಸೋ ಲೆಕ್ಕ ತಪ್ಪಿರುತ್ತೆ. 5220 ಎಂಎಎಚ್ ಬ್ಯಾಟರಿ, ಆಟ ನೋಡಿಕೊಂಡು ಸುಮಾರು 2ರಿಂದ 6.5 ಗಂಟೆ ಅಂತ ಕಂಪನಿಯೇ ಹೇಳುತ್ತೆ.

ಮೊದಲು ಸಿಸ್ಟಮ್ ಅಪ್‌ಡೇಟ್ ಹಾಕಿ. ಆಮೇಲೆ ಪೂರ್ತಿ ಆಫ್ ಮಾಡಿ, ಎರಡೂ ವಾಲ್ಯೂಮ್ ಬಟನ್ ಒತ್ತಿ ಹಿಡಿದು ಪವರ್ ಒತ್ತಿ. ರಿಕವರಿ ಮೆನು ಬರುತ್ತೆ. ಅಲ್ಲಿ ಏನನ್ನೂ ಆಯ್ಕೆ ಮಾಡಬೇಡಿ, ಕೆಲವು ಆಯ್ಕೆಗಳು ಡೇಟಾ ಅಳಿಸುತ್ತವೆ. ಪವರ್ ಬಟನ್‌ನಿಂದಲೇ ಆಫ್ ಮಾಡಿ ಮಾಮೂಲಿಯಾಗಿ ಆನ್ ಮಾಡಿ. ಆಗಲೂ ಸರಿಹೋಗದಿದ್ದರೆ ಶೇಕಡಾ 90ರ ಮಿತಿ ಮತ್ತು ಆಟೊ ಸ್ಲೀಪ್ ಎರಡನ್ನೂ ಆಫ್ ಮಾಡಿ, 100ರವರೆಗೆ ಚಾರ್ಜ್ ಮಾಡಿ, ತುಂಬಿದ ಮೇಲೂ ಇನ್ನೊಂದು ಗಂಟೆ ಚಾರ್ಜರ್‌ನಲ್ಲೇ ಬಿಡಿ. ನಂತರ ಹೋಮ್ ಸ್ಕ್ರೀನ್‌ನಲ್ಲಿಟ್ಟು ತಳಮಟ್ಟಕ್ಕೆ ಇಳಿಯಲು ಬಿಡಿ, ಆಫ್ ಮಾಡಿ ಅರ್ಧ ಗಂಟೆ ಸುಮ್ಮನಿಡಿ. ಒಂದೇ ಸುತ್ತಿಗೆ ಆಗದೆ ಮೂರ್ನಾಲ್ಕು ಸುತ್ತು ಬೇಕಾಗಬಹುದು.

ಸದಾ ಡಾಕ್‌ನಲ್ಲೇ ಇಡೋರು ಇದಾದ ಮೇಲೆ 90ರ ಮಿತಿ ಮತ್ತೆ ಆನ್ ಮಾಡಿ. ಲಿಥಿಯಂ ಬ್ಯಾಟರಿ ವರ್ಷಗಟ್ಟಲೆ ನೂರರಲ್ಲೇ ಕೂತರೆ ಬೇಗ ಬಲ ಕಳೆದುಕೊಳ್ಳುತ್ತೆ. ಎತ್ತಿಡೋ ಹಳೇ ಕನ್ಸೋಲನ್ನೂ ಆರು ತಿಂಗಳಿಗೊಮ್ಮೆಯಾದ್ರೂ ಚಾರ್ಜ್ ಮಾಡಿ, ಪೂರ್ತಿ ಬರಿದಾಗಿ ಬಿದ್ದಿದ್ದರೆ ಮತ್ತೆ ಏಳದೇ ಇರಬಹುದು.

ಎಂಟುಬಿಟ್:

ಓಎಲ್‌ಇಡಿ ಸ್ವಿಚ್ ಇರೋರು ಈಗಲೇ ಬದಲಾಯಿಸಬೇಕಾ ಅಂತ ಕೇಳಿದರೆ ನಾನು ಬೇಡ ಅಂತೀನಿ. ಕೈಯಲ್ಲೇ ಆಡೋದು ಜಾಸ್ತಿ, ಹಳೇ ಆಟಗಳೇ ಇನ್ನೂ ಮುಗಿದಿಲ್ಲ ಅನ್ನೋರಿಗೆ ಆ ಸ್ಕ್ರೀನೇ ಚಂದ, ಕೈಗೂ ಹಗುರ.

ದೊಡ್ಡಪರದೆ:

ಒಪ್ಪಲ್ಲ ಗುರು. ಟಿವಿಯಲ್ಲಿ ಆಡೋರಿಗೆ ಹಳೇದು 1080ಪಿಗೇ ನಿಂತುಬಿಡುತ್ತೆ. ಹೊಸದರಲ್ಲಿ ಡಿಎಲ್‌ಎಸ್‌ಎಸ್ ಇದೆ, ಕಮ್ಮಿ ರೆಸಲ್ಯೂಷನ್‌ನಲ್ಲಿ ಬಿಡಿಸಿದ್ದನ್ನ ದೊಡ್ಡ ಪರದೆಗೆ ಒಪ್ಪೋ ಹಾಗೆ ಏರಿಸುತ್ತೆ. ಅಪ್‌ಡೇಟ್ ಸಿಗದ ಹಳೇ ಆಟಗಳಲ್ಲೂ ಬಹಳಷ್ಟು ಫ್ರೇಮ್ ಬೀಳದೆ ಓಡುತ್ತವೆ, ಲೋಡಿಂಗ್ ಬೇಗ ಮುಗಿಯುತ್ತೆ. ಟಿವಿ ಮುಂದೆ ಕೂರೋರು ಕಾಯೋದಕ್ಕೆ ಕಾರಣ ಇಲ್ಲ.

ಎಂಟುಬಿಟ್:

ಟಿವಿಯವರಿಗೆ ಸರಿ. ನಾನು ಹೇಳಿದ್ದು ಕೈಯಲ್ಲಿ ಹಿಡಿದು ಆಡೋರಿಗೆ, ಅದರಲ್ಲಿ ಮಾತು ಬದಲಿಸಲ್ಲ.

ಹೊಸಹಂತ:

ಕೊನೇ ಪ್ರಶ್ನೆ. ಮನೆಯಲ್ಲಿ ಎರಡು ಕನ್ಸೋಲ್ ಆದರೆ ಡಿಜಿಟಲ್ ಆಟ ಹಂಚಿಕೊಳ್ಳೋದು ಹೇಗೆ? ಡೌನ್‌ಲೋಡೂ ತುಂಬಾ ನಿಧಾನ.

ಸೇವ್‌ಪಾಯಿಂಟ್:

ಡಿಜಿಟಲ್ ಆಟಗಳು ಈಗ ವರ್ಚುವಲ್ ಗೇಮ್ ಕಾರ್ಡ್ ರೂಪದಲ್ಲಿವೆ. ಒಂದು ಕನ್ಸೋಲ್‌ನಿಂದ ತೆಗೆದು ಇನ್ನೊಂದಕ್ಕೆ ಹಾಕಬೇಕು. ಮೊದಲ ಸಲ ಎರಡನ್ನೂ ಹತ್ತಿರ ಇಟ್ಟು ಜೋಡಿಸಬೇಕು, ಆಮೇಲೆ ಇಂಟರ್ನೆಟ್ ಮೂಲಕವೇ ಆಗುತ್ತೆ. ಒಂದೇ ಫ್ಯಾಮಿಲಿ ಗ್ರೂಪ್‌ನಲ್ಲಿರೋ ಬೇರೆ ಅಕೌಂಟ್‌ಗೆ 14 ದಿನಕ್ಕೆ ಎರವಲು ಕೊಡಬಹುದು, ಅವಧಿ ಮುಗಿದ ಮೇಲೆ ತಾನೇ ವಾಪಸ್ ಬರುತ್ತೆ. ಎರವಲು ಪಡೆದವರ ಸೇವ್ ಅವರ ಕನ್ಸೋಲ್‌ನಲ್ಲೇ ಉಳಿಯುತ್ತೆ. ಪುಟ್ಟ ಮಕ್ಕಳಿರೋ ಮನೆಯಲ್ಲಿ ನಿಜವಾದ ಕಾರ್ಡ್‌ಗಳನ್ನ ಹೊರಗೆ ಬಿಡಬೇಡಿ. ಬಾಯಿಗೆ ಹಾಕದಿರಲಿ ಅಂತ ಅವಕ್ಕೆ ಡಿನಾಟೋನಿಯಂ ಬೆಂಜೊಯೇಟ್ ಅನ್ನೋ ವಿಪರೀತ ಕಹಿ ಲೇಪ ಹಾಕಿರ್ತಾರೆ, ಆದರೂ ನುಂಗೋ ಗಾತ್ರದ್ದೇ.

ಡೌನ್‌ಲೋಡ್‌ಗೆ: ಆನ್‌ಲೈನ್ ಆಟ ನಡೀತಿದ್ದರೆ ಡೌನ್‌ಲೋಡ್ ನಿಂತಿರುತ್ತೆ, ಆಟವನ್ನ ಪೂರ್ತಿ ಮುಚ್ಚಿ. ವೈಫೈ 5 ಗಿಗಾಹರ್ಟ್ಸ್‌ಗೆ ಸೇರಿಸಿ. 2.4ರಲ್ಲಿ ಜಾಯ್-ಕಾನ್‌ನ ಬ್ಲೂಟೂತ್ ಕೂಡ ಅದೇ ಗಾಳಿಯಲ್ಲಿ ಓಡಾಡುತ್ತೆ, ಎರಡೂ ಒಂದಕ್ಕೊಂದು ಅಡ್ಡ ಬರುತ್ತವೆ. ರೂಟರ್ ಹತ್ತಿರದಲ್ಲಿದ್ದರೆ ಡಾಕ್‌ನ ಲ್ಯಾನ್ ಪೋರ್ಟ್‌ಗೆ ಕೇಬಲ್ ಹಾಕಿ, ಕನ್ಸೋಲನ್ನ ಡಾಕ್‌ನಲ್ಲೇ ನಿದ್ದೆಗೆ ಬಿಡಿ. ಸ್ಲೀಪ್ ಮೋಡ್ ಸೆಟ್ಟಿಂಗ್‌ನಲ್ಲಿ ಇಂಟರ್ನೆಟ್ ಸಂಪರ್ಕ ಉಳಿಸಿಕೊಳ್ಳೋ ಆಯ್ಕೆ ಆನ್ ಇದ್ದರೆ 60 ಜಿಬಿಯ ಆಟವೂ ಬೆಳಿಗ್ಗೆ ಹೊತ್ತಿಗೆ ಬಂದಿರುತ್ತೆ.